ಕಮಾಂಡ್ ಗಾಡಿಗೊಂದು ತಾರೀಖು ಬೇಕು

ಮಿಲಿಟರಿ ಮಾಡೆಲ್ ಕಟ್ಟುವ ಕನ್ನಡದ ಗೆಳೆಯರಿಗೊಂದು ಬಹಿರಂಗ ಪತ್ರ



ಪ್ಲಾಸ್ಟಿಕ್ ಕಿಟ್ ತಂದು, ಸ್ಪ್ರೂನಿಂದ ಬಿಡಿಭಾಗಗಳನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿ 1/35 ಅಳತೆಯ ಯುದ್ಧವಾಹನ ಕಟ್ಟುವ ನಿಮ್ಮ ಕಪಾಟುಗಳನ್ನು ನೋಡಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಟೈಗರ್ ಇದೆ, ಶೆರ್ಮನ್ ಇದೆ, ಟಿ-34 ಇದೆ, ಸೆಂಚುರಿಯನ್ ಇದೆ. ತೋಪಿನ ಕೊಳವೆ ಉದ್ದವಿದ್ದಷ್ಟೂ ಗಾಡಿಗೆ ಮುಂದಿನ ಸಾಲಿನಲ್ಲಿ ಜಾಗ. ಆದರೆ ಆ ಟ್ಯಾಂಕುಗಳಿಗೆಲ್ಲ ಎತ್ತ ನುಗ್ಗಬೇಕು, ಎಲ್ಲಿ ನಿಲ್ಲಬೇಕು, ಪೆಟ್ರೋಲು ಎಲ್ಲಿ ಸಿಗುತ್ತದೆ ಎಂದು ಹೇಳುತ್ತಿದ್ದ ಕಮಾಂಡ್ ವಾಹನ ಮಾತ್ರ ಅಲ್ಲಿ ಕಾಣುವುದೇ ಅಪರೂಪ. ಕಂಡರೂ ಅದು ಯಾವ ದಿನದ ಗಾಡಿ, ಯಾರ ಗಾಡಿ ಎಂಬ ಲೆಕ್ಕವಿಲ್ಲದೆ ನಿಂತಿರುತ್ತದೆ. ಈ ಲೆಕ್ಕದ ಬಗ್ಗೆಯೇ ನಿಮ್ಮೆಲ್ಲರ ಜೊತೆ ಮಾತಾಡಬೇಕಿದೆ.

ಕಮಾಂಡ್ ವಾಹನವನ್ನು ಕಟ್ಟಲು ಜನ ಹಿಂಜರಿಯುವುದೇಕೆ ಎಂದು ನನಗೆ ಗೊತ್ತು. ಅದಕ್ಕೆ ಹೇಳಿಕೊಳ್ಳುವಂಥ ತೋಪಿಲ್ಲ. ನೋಡಲು ಪೆಟ್ಟಿಗೆಯ ಹಾಗೆ. ಆದರೂ ಎರಡನೇ ಮಹಾಯುದ್ಧದ ಅತಿ ಮುಖ್ಯ ಚಿತ್ರಗಳಲ್ಲೊಂದು ಇಂಥ ಗಾಡಿಯದೇ. 1940ರ ಮೇ ತಿಂಗಳು, ಫ್ರಾನ್ಸ್. ಜರ್ಮನ್ ಜನರಲ್ ಗುಡೇರಿಯನ್ ತನ್ನ ಹಾಫ್‌ಟ್ರ್ಯಾಕ್ ರೇಡಿಯೊ ಗಾಡಿಯಲ್ಲಿ ನಿಂತಿದ್ದಾನೆ. ಅವನ ಕೆಳಗೆ, ಚಿತ್ರದ ಎಡ ಮೂಲೆಯಲ್ಲಿ, ಸಿಗ್ನಲ್ ಸೈನಿಕರ ಮುಂದೆ ಗುಪ್ತಸಂಕೇತದ ಎನಿಗ್ಮಾ ಯಂತ್ರ. ಆ ಚಿತ್ರದಲ್ಲಿ ಯಾರೂ ಗುಂಡು ಹಾರಿಸುತ್ತಿಲ್ಲ. ಆದರೆ ಫ್ರಾನ್ಸ್ ಆರೇ ವಾರದಲ್ಲಿ ಯಾಕೆ ಸೋತಿತು ಎಂಬುದಕ್ಕೆ ಯಾವ ಟ್ಯಾಂಕಿನ ಚಿತ್ರವೂ ಅಷ್ಟು ಸ್ಪಷ್ಟವಾಗಿ ಉತ್ತರ ಹೇಳುವುದಿಲ್ಲ. ಮುಂಚೂಣಿಯಲ್ಲೇ ಓಡಾಡುತ್ತ, ರೇಡಿಯೊದಲ್ಲಿ ಆಜ್ಞೆ ಕೊಡುತ್ತ, ಎದುರಾಳಿ ಒಂದು ನಿರ್ಧಾರ ಮಾಡುವಷ್ಟರಲ್ಲಿ ತಾನು ಮೂರು ನಿರ್ಧಾರ ಮಾಡಿ ಮುಗಿಸುವ ಯುದ್ಧ ಅದು. ಅದನ್ನು ಮಾಡೆಲಿನಲ್ಲಿ ತೋರಿಸಬೇಕೆಂದರೆ ಕಮಾಂಡ್ ಗಾಡಿಯನ್ನೇ ಕಟ್ಟಬೇಕು.

ಇನ್ನು ನಿಖರತೆಯ ಮಾತು. ರಿವೆಟ್ ಎಣಿಸುವುದು, ಚಕ್ರದ ಬೋಲ್ಟ್ ಎಣಿಸುವುದು ಇವೆಲ್ಲ ಒಳ್ಳೆಯದೇ. ಅದನ್ನು ಹಗುರವಾಗಿ ಮಾತಾಡುವವರ ಜೊತೆ ನಾನಿಲ್ಲ. ಆದರೆ ಟ್ಯಾಂಕಿಗಿಂತ ಕಮಾಂಡ್ ವಾಹನದಲ್ಲಿ ನಿಖರತೆ ಬೇರೆ ಥರ. ಒಂದೇ ಬಗೆಯ ಟ್ಯಾಂಕುಗಳು ಸಾವಿರಗಟ್ಟಲೆ ಇದ್ದವು, ನಿಮ್ಮದು ಅವುಗಳಲ್ಲಿ ಯಾವುದೋ ಒಂದು ಅಂದರೂ ನಡೆಯುತ್ತದೆ. ಕಮಾಂಡ್ ಗಾಡಿ ಹಾಗಲ್ಲ. ಅದಕ್ಕೆ ಒಬ್ಬ ಒಡೆಯನಿದ್ದ. ರೇಡಿಯೊ ಬದಲಾದಾಗ ಅದರ ಆಂಟೆನಾ ಬದಲಾಯಿತು, ಸೇನೆ ಬದಲಾದಾಗ ಗುರುತು ಬದಲಾಯಿತು, ಋತು ಬದಲಾದಾಗ ಬಣ್ಣ ಬದಲಾಯಿತು. ಹಾಗಾಗಿ ಮೊದಲು ತಾರೀಖು ಗೊತ್ತುಮಾಡಿಕೊಳ್ಳಿ. ಆ ತಾರೀಖಿನ ಆಸುಪಾಸಿನ ಒಂದು ಫೋಟೊ ಹುಡುಕಿ. ಆಮೇಲೆ ಅಂಟಿನ ಬಾಟಲಿ ತೆರೆಯಿರಿ.

ಉದಾಹರಣೆಗೆ ನನಗೆ ತುಂಬ ಇಷ್ಟವಾದ ಗಾಡಿಯನ್ನೇ ತೆಗೆದುಕೊಳ್ಳುತ್ತೇನೆ: ಬ್ರಿಟಿಷರ ಎ.ಇ.ಸಿ. ಆರ್ಮರ್ಡ್ ಕಮಾಂಡ್ ವೆಹಿಕಲ್. ತೋಪು ಎಳೆಯುತ್ತಿದ್ದ ಮ್ಯಾಟಡೋರ್ ಲಾರಿಯ ಚಾಸಿಯ ಮೇಲೆ ಉಕ್ಕಿನ ಹಲಗೆಗಳ ದೊಡ್ಡ ಕೋಣೆ ಕೂರಿಸಿದ ಗಾಡಿ ಇದು. ಸುಮಾರು 12 ಟನ್ ತೂಕ, 6.1 ಮೀಟರ್ ಉದ್ದ, 2.9 ಮೀಟರ್ ಎತ್ತರ, 95 ಅಶ್ವಶಕ್ತಿಯ ಡೀಸೆಲ್ ಎಂಜಿನ್. ಒಳಗೆ ನಕ್ಷೆಯ ಮೇಜಿರುವ ಅಧಿಕಾರಿಗಳ ಭಾಗ ಒಂದು, ರೇಡಿಯೊ ಆಪರೇಟರುಗಳ ಭಾಗ ಇನ್ನೊಂದು. ಮರುಭೂಮಿಯಲ್ಲಿ ಇಷ್ಟು ಸೌಕರ್ಯವೇ ಎಂದು ಸೈನಿಕರು ಇದಕ್ಕೆ ಲಂಡನ್ನಿನ ಐಷಾರಾಮಿ ಹೋಟೆಲಿನ ಹೆಸರಿಟ್ಟು ‘ಡಾರ್ಚೆಸ್ಟರ್’ ಎಂದೇ ಕರೆದರು. ತೈವಾನಿನ ಎ.ಎಫ್.ವಿ. ಕ್ಲಬ್ ಕಂಪನಿ ಇದರ 1/35 ಕಿಟ್ ತಂದಿದೆ. ಅದನ್ನೇ ‘ರೊಮೆಲ್‌ನ ಮ್ಯಾಮತ್’ ಎಂಬ ಹೆಸರಿನ ಬೇರೊಂದು ಪೆಟ್ಟಿಗೆಯಲ್ಲೂ ಮಾರಿದೆ. ನಮ್ಮವರು ಕೊಂಡಿರುವುದು ಹೆಚ್ಚಾಗಿ ಆ ಎರಡನೇ ಪೆಟ್ಟಿಗೆಯನ್ನು. ನನ್ನ ತಕರಾರು ಶುರುವಾಗುವುದೂ ಅಲ್ಲಿಂದಲೇ.

ಆಫ್ರಿಕಾದ ಜರ್ಮನ್ ಸೇನಾನಿ ರೊಮೆಲ್‌ಗೆ ಈ ಗಾಡಿ ಸಿಕ್ಕಿದ್ದು ಹೇಗೆ? 1941ರ ಏಪ್ರಿಲ್. ಲಿಬಿಯಾಕ್ಕೆ ಬಂದಿಳಿದು ಎರಡು ತಿಂಗಳೂ ಆಗಿರದ ಜರ್ಮನ್ ಸೇನೆ ಬ್ರಿಟಿಷರನ್ನು ಪೂರ್ವಕ್ಕೆ ಅಟ್ಟುತ್ತಿತ್ತು. 6ರ ರಾತ್ರಿ ಬ್ರಿಟಿಷರ ಜನರಲ್ ನೀಮ್ ಮತ್ತು ಜನರಲ್ ಓಕಾನರ್ ಇಬ್ಬರೂ ದಾರಿಯಲ್ಲೇ ಸೆರೆಸಿಕ್ಕರು. ಮರುಭೂಮಿಯ ನಡುವೆ ದಾರಿಗಳು ಕೂಡುವ ಮೆಕಿಲಿ ಎಂಬ ಹಳೆಯ ಕೋಟೆಯ ಬಳಿ ಮೇಜರ್ ಜನರಲ್ ಗ್ಯಾಂಬಿಯರ್-ಪ್ಯಾರಿಯ 2ನೇ ಆರ್ಮರ್ಡ್ ಡಿವಿಷನ್ನಿನ ಕೇಂದ್ರ ಕಚೇರಿ ಬಂದು ಸೇರಿತು. ಅಲ್ಲಿ ಅಷ್ಟೊತ್ತಿಗಾಗಲೇ ಕಾವಲಿಗಿದ್ದವರು 3ನೇ ಇಂಡಿಯನ್ ಮೋಟಾರ್ ಬ್ರಿಗೇಡಿನವರು. ಕುದುರೆ ಬಿಟ್ಟು ಮೋಟಾರು ಹತ್ತಿದ ನಮ್ಮ ಅಶ್ವದಳಗಳು: 2ನೇ ರಾಯಲ್ ಲ್ಯಾನ್ಸರ್ಸ್, 11ನೇ ಕ್ಯಾವಲ್ರಿ. ಅವರ ಹತ್ತಿರ ಟ್ಯಾಂಕಿರಲಿಲ್ಲ, ಇದ್ದದ್ದು ಟ್ರಕ್ಕು ಮತ್ತು ರೈಫಲ್ಲು. ರೊಮೆಲ್ ಸುತ್ತುಗಟ್ಟಿ ಶರಣಾಗಿ ಎಂದು ಹೇಳಿಕಳಿಸಿದ. ಆಗುವುದಿಲ್ಲ ಎಂದು ಉತ್ತರ ಹೋಯಿತು. 8ರ ಬೆಳಗಿನ ಜಾವ ಮುತ್ತಿಗೆ ಮುರಿದು ಹೊರಬೀಳಲು ಯತ್ನ ನಡೆಯಿತು. ಕೆಲವರು ಪಾರಾದರು, ಸಾವಿರಾರು ಜನ ಸೆರೆಯಾದರು. ಗ್ಯಾಂಬಿಯರ್-ಪ್ಯಾರಿ ಸೆರೆಯಾದ, ಅವನ ಡಾರ್ಚೆಸ್ಟರುಗಳೂ ಕೈಬದಲಾಗಿ ‘ಮ್ಯಾಮತ್’ಗಳಾದವು. ರೊಮೆಲ್ ತನ್ನ ಟೋಪಿಯ ಮೇಲೆ ಧರಿಸುತ್ತಿದ್ದ ಆ ಪ್ರಸಿದ್ಧ ಧೂಳುಕನ್ನಡಕ ಕೂಡ ಅಲ್ಲೇ ಅವನ ಕೈಗೆ ಬಂದದ್ದು.

ಪಾರಾದವರಲ್ಲಿ 2ನೇ ಲ್ಯಾನ್ಸರ್ಸ್‌ನ ಒಬ್ಬ ಸ್ಕ್ವಾಡ್ರನ್ ಕಮಾಂಡರ್ ಇದ್ದರು, ಮೇಜರ್ ರಾಜೇಂದ್ರಸಿಂಹಜಿ. ತಮ್ಮ ಸ್ಕ್ವಾಡ್ರನ್ನನ್ನು ಮುತ್ತಿಗೆಯಿಂದ ಹೊರತಂದದ್ದಲ್ಲದೆ ಶತ್ರು ಸೈನಿಕರನ್ನೂ ಸೆರೆಹಿಡಿದು ತಂದರು. ಎರಡನೇ ಮಹಾಯುದ್ಧದಲ್ಲಿ ಡಿ.ಎಸ್.ಒ. ಪದಕ ಪಡೆದ ಮೊದಲ ಭಾರತೀಯ ಅವರೇ. ಮುಂದೆ 1953ರ ಜನವರಿಯಲ್ಲಿ ನಮ್ಮ ಕೊಡಗಿನ ಜನರಲ್ ಕಾರ್ಯಪ್ಪನವರು ನಿವೃತ್ತರಾದಾಗ ಭಾರತೀಯ ಸೇನೆಯ ದಂಡನಾಯಕತ್ವ ವಹಿಸಿಕೊಂಡವರೂ ಅವರೇ. ಈಗ ಹೇಳಿ: ನಮ್ಮ ಊರಿನ ಮೇಜಿನ ಮೇಲೆ, ನಮ್ಮ ಕೈಯಲ್ಲಿ ಕಟ್ಟಿದ ಡಾರ್ಚೆಸ್ಟರಿನ ಕೆಳಗೆ ಬರೀ ‘ರೊಮೆಲ್‌ನ ಮ್ಯಾಮತ್, ಉತ್ತರ ಆಫ್ರಿಕಾ’ ಎಂದು ಬರೆದು ಬಿಟ್ಟರೆ ಆ ಮಾಡೆಲ್ ನಿಖರವಾಯಿತೇ? ಬೋಲ್ಟುಗಳೆಲ್ಲ ಸರಿಯಿರಬಹುದು. ಆದರೆ ಆ ಗಾಡಿ ಕೈಬದಲಾದ ದಿನ ಅದರ ಸುತ್ತ ನಿಂತು ಹೋರಾಡಿದವರು ಮಾಯವಾದರಲ್ಲ! ನಾನು ನೋಡಿದ ಒಂದು ಪ್ರದರ್ಶನದಲ್ಲಿ ಬಹಳ ಅಂದವಾಗಿ ಬಣ್ಣ ಹಚ್ಚಿದ ಮ್ಯಾಮತ್ ಇತ್ತು. ಪಕ್ಕದ ಚೀಟಿಯಲ್ಲಿ ರೊಮೆಲ್‌ನ ಗುಣಗಾನ ಎಂಟು ಸಾಲು, ಮೆಕಿಲಿಯ ಹೆಸರಿಲ್ಲ. ಅದನ್ನು ಕಟ್ಟಿದ ಹುಡುಗನ ಕೈಗುಣಕ್ಕೆ ನನ್ನ ಮೆಚ್ಚುಗೆ ಇದೆ, ಆ ಚೀಟಿಗೆ ಇಲ್ಲ.

ತಾರೀಖು ಗೊತ್ತಾದ ಕೂಡಲೇ ಬಣ್ಣದ ಪ್ರಶ್ನೆ ಅರ್ಧ ಬಗೆಹರಿಯುತ್ತದೆ. 1940–41ರಲ್ಲಿ ಈಜಿಪ್ಟ್ ಮತ್ತು ಲಿಬಿಯಾದಲ್ಲಿದ್ದ ಬ್ರಿಟಿಷ್ ಯುದ್ಧವಾಹನಗಳಿಗೆ ‘ಕಾಂಟರ್’ ಎಂಬ ಬಣ್ಣಪದ್ಧತಿ ಜಾರಿಯಲ್ಲಿತ್ತು. ಬ್ರಿಗೇಡಿಯರ್ ಕಾಂಟರ್ ಹೆಸರಿನದು. ಓರೆಯಾಗಿ ಹೋಗುವ ನೇರ ಅಂಚಿನ ಪಟ್ಟೆಗಳು, ಮೂರು ಬಣ್ಣ: ಎಲ್ಲಕ್ಕಿಂತ ತಿಳಿಯಾದ ಪೋರ್ಟ್‌ಲ್ಯಾಂಡ್ ಸ್ಟೋನ್, ನಡುವಿನ ಸಿಲ್ವರ್ ಗ್ರೇ, ಕಡುವಾದ ಸ್ಲೇಟ್. ಇದರಲ್ಲಿ ಆ ಸಿಲ್ವರ್ ಗ್ರೇ ಕಥೆಯನ್ನು ನೀವೆಲ್ಲ ತಿಳಿದಿರಬೇಕು. ಮ್ಯೂಸಿಯಂಗಳಲ್ಲಿ ಹಳೆಯ ಟ್ಯಾಂಕುಗಳಿಗೆ ಮತ್ತೆ ಬಣ್ಣ ಹಚ್ಚುವಾಗ ಆ ಜಾಗಕ್ಕೆ ತಿಳಿನೀಲಿ ಬಳಿದರು. ಅದನ್ನು ನೋಡಿ ಕಿಟ್ ಕಂಪನಿಗಳೂ ನೀಲಿಯನ್ನೇ ಸೂಚಿಸಿದವು. ದಶಕಗಟ್ಟಲೆ ಜಗತ್ತಿನ ಮಾಡೆಲಿಗರೆಲ್ಲ ಮರುಭೂಮಿಯ ಟ್ಯಾಂಕಿಗೆ ಆಕಾಶನೀಲಿ ಬಳಿದರು. ಮೈಕ್ ಸ್ಟಾರ್ಮರ್ ಎಂಬ ಬ್ರಿಟಿಷ್ ಸಂಶೋಧಕರು ಹಳೆಯ ಸೇನಾ ಆದೇಶಗಳನ್ನೂ ಅಂದಿನ ಬಣ್ಣದ ಪಟ್ಟಿಗಳನ್ನೂ ಕೆದಕಿ, ಅದು ನೀಲಿಯಲ್ಲ, ಹಸಿರು ಛಾಯೆಯ ಬೂದಿ ಎಂದು ತೋರಿಸಿಕೊಟ್ಟರು. ಮಾಡೆಲ್ ಬಣ್ಣಗಳಲ್ಲಿ ಅದನ್ನು ಬೆರೆಸುವ ಪ್ರಮಾಣವನ್ನೂ ಬರೆದಿಟ್ಟರು. ಮ್ಯೂಸಿಯಮ್ಮಿನಲ್ಲಿರುವುದು ಲೋಹವಷ್ಟೇ ಮೂಲ, ಬಣ್ಣ ಎಷ್ಟೋ ಸಲ ನಿನ್ನೆಯದು. ಅಹಿಲ್ಯಾನಗರದ (ಹಿಂದಿನ ಅಹಮದ್‌ನಗರ) ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಮ್ಮಿಗೆ ಹೋಗುವವರು ಟೇಪು ಹಿಡಿದು ಹೋಗಿ, ವಿಚಾರಿಸಿ ಅಳತೆ ತೆಗೆದುಕೊಳ್ಳಿ. ಆದರೆ ಅಲ್ಲಿನ ಬಣ್ಣವನ್ನು ಪ್ರಮಾಣವೆಂದು ಹಿಡಿಯಬೇಡಿ.

ನಿಮ್ಮ ಡಾರ್ಚೆಸ್ಟರಿಗೆ ಕಾಂಟರ್ ಪಟ್ಟೆ ಇತ್ತೇ, ಒಂದೇ ಮರಳುಬಣ್ಣವಿತ್ತೇ ಎಂಬುದನ್ನು ಫೋಟೊ ನೋಡಿಯೇ ತೀರ್ಮಾನಿಸಬೇಕು. ಕಪ್ಪು-ಬಿಳುಪು ಫೋಟೊದಲ್ಲಿ ಬಣ್ಣ ಹುಡುಕಲು ಹೋಗಬೇಡಿ, ತಿಳಿ ಮತ್ತು ಕಡುವಿನ ಅನುಕ್ರಮ ಹುಡುಕಿ. ಮೂರು ಛಾಯೆ ಇದ್ದರೆ ಯಾವುದು ಎಲ್ಲಕ್ಕಿಂತ ತಿಳಿ, ಯಾವುದು ಎಲ್ಲಕ್ಕಿಂತ ಕಡು ಎಂದು ಗುರುತು ಮಾಡಿ, ಆದೇಶದಲ್ಲಿರುವ ಬಣ್ಣಗಳನ್ನು ಅದಕ್ಕೆ ಜೋಡಿಸಿ. ಇಲ್ಲೂ ಒಂದು ಎಚ್ಚರ ಬೇಕು: ಅಂದಿನ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿನಲ್ಲಿ ಕೆಂಪು ಬಹುತೇಕ ಕಪ್ಪಾಗಿಯೇ ಬೀಳುತ್ತಿತ್ತು, ನೀಲಿ ಬೆಳ್ಳಗೆ ಕಾಣುತ್ತಿತ್ತು.

ಮ್ಯಾಮತ್ತನ್ನೇ ಕಟ್ಟುತ್ತೇವೆ ಎನ್ನುವವರಿಗೂ ನನ್ನ ಅಡ್ಡಿಯಿಲ್ಲ. ಆದರೆ ಅದು ಮೈಮೇಲೆ ಎರಡು ಸೇನೆಗಳ ಬಣ್ಣ ಹೊತ್ತ ಗಾಡಿ ಎಂಬುದು ಕಾಣಬೇಕು. ಜರ್ಮನರು ಆಫ್ರಿಕಾಕ್ಕೆಂದು 1941ರ ಮಾರ್ಚ್ 17ರಂದು ಹೊರಡಿಸಿದ ಆದೇಶದ ಬಣ್ಣಗಳು ಹಳದಿಗಂದು ಆರ್.ಎ.ಎಲ್. 8000 ಮತ್ತು ಬೂದಿಹಸಿರು ಆರ್.ಎ.ಎಲ್. 7008. ಸೆರೆಸಿಕ್ಕ ಗಾಡಿಗೆ ಮಾತ್ರ ಮೊದಲ ದಿನವೇ ಕಾರ್ಖಾನೆಯಂತೆ ಬಣ್ಣ ಬಳಿಯುವವರು ಯಾರು? ಮೊದಲು ಬಂದದ್ದು ಗುರುತು. ತಮ್ಮವರೇ ಗುಂಡು ಹೊಡೆಯದಿರಲೆಂದು ಪಕ್ಕದ ಗೋಡೆಗೆ ಬಳಿದ ಶಿಲುಬೆ. ಆಮೇಲೆ ವಿಲ್‌ಹೆಲ್ಮ್ ಬುಶ್‌ನ 1865ರ ಮಕ್ಕಳ ಕಥೆಯ ತುಂಟರ ಹೆಸರು ಬಂತು, ಒಂದು ಗಾಡಿಗೆ ‘ಮ್ಯಾಕ್ಸ್’, ಇನ್ನೊಂದಕ್ಕೆ ‘ಮೊರಿಟ್ಸ್’. ಡೆಕಾಲಿನ ಶಿಲುಬೆ ಗೆರೆ ಕೊರೆದಷ್ಟು ನೀಟಾಗಿರುತ್ತದೆ. ಅದರ ಬದಲು ಟೇಪು ಅಂಟಿಸಿ ಕುಂಚದಿಂದಲೇ ಹಚ್ಚಿ ನೋಡಿ. ಅಂಚು ಸ್ವಲ್ಪ ಅಂಕುಡೊಂಕಾದರೆ ಆ ಏಪ್ರಿಲ್ಲಿನ ಅವಸರ ಅದರಲ್ಲಿ ಉಳಿಯುತ್ತದೆ.

ತುಕ್ಕಿನ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ. ಈ ಗಾಡಿಗಳು ಹಡಗಿನಿಂದ ಇಳಿದು ಕೆಲವೇ ತಿಂಗಳಾಗಿತ್ತು. ಒಣ ಮರುಭೂಮಿ, ಹೊಸ ಉಕ್ಕು. ಕರಾವಳಿಯ ಮಳೆಯಲ್ಲಿ ಹತ್ತು ವರ್ಷ ನೆನೆದ ಲಾರಿಗೆ ಬರುವ ಕಿತ್ತಳೆ ತುಕ್ಕು ಇದಕ್ಕೆ ಬಂದದ್ದೆಲ್ಲಿಂದ? ಬೂಟು ತಾಗುವ ಮೆಟ್ಟಿಲು, ಕೈ ಹಿಡಿಯುವ ಬಾಗಿಲಂಚು, ಜನ ಹತ್ತಿ ಕೂರುತ್ತಿದ್ದ ಮಾಳಿಗೆಯ ಅಂಚು, ಇಷ್ಟು ಕಡೆ ಮಾತ್ರ ಬಣ್ಣ ಸವೆದಿರಲಿ. ಉಳಿದದ್ದೆಲ್ಲ ಧೂಳು. ಆ ಧೂಳು ಕೂಡ ನಮ್ಮ ಕೆಮ್ಮಣ್ಣಲ್ಲ, ಬಿಳಿಚಿದ ಸುಣ್ಣಗಲ್ಲಿನ ಪುಡಿ. ಮಾಡೆಲ್ ಸಣ್ಣದಾದಷ್ಟೂ ಬಣ್ಣ ಕಡುವಾಗಿ ಕಾಣುವುದರಿಂದ ಮೂಲಬಣ್ಣಕ್ಕೆ ಸ್ವಲ್ಪ ಮರಳುಬಣ್ಣ ಬೆರೆಸಿ ತಿಳಿ ಮಾಡಿಕೊಳ್ಳಿ. ಬಿಳಿ ಬೆರೆಸಿದರೆ ಸೀಮೆಸುಣ್ಣ ಬಳಿದ ಹಾಗಾಗುತ್ತದೆ.

ಈಗ ಆಂಟೆನಾ. ಕಮಾಂಡ್ ಗಾಡಿಯ ಜೀವವೇ ಅದು, ನಮ್ಮ ಮಾಡೆಲುಗಳಲ್ಲಿ ಅತಿ ಹೆಚ್ಚು ಕೆಡುವುದೂ ಅದೇ. ಕಿಟ್ಟಿನ ಪ್ಲಾಸ್ಟಿಕ್ ಕಡ್ಡಿ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ದಪ್ಪ ಇರುತ್ತದೆ. 35ರಿಂದ ಗುಣಿಸಿ ನೋಡಿ, ಮೂರೂವರೆ ಸೆಂಟಿಮೀಟರ್. ಅಷ್ಟು ದಪ್ಪದ್ದು ಆಂಟೆನಾ ಅಲ್ಲ, ನೀರಿನ ಪೈಪು. ಸಂಗೀತ ವಾದ್ಯದ ಅಂಗಡಿಗೆ ಹೋಗಿ ಗಿಟಾರಿನ ಮೊದಲ ತಂತಿ ಕೇಳಿ. 0.009 ಇಂಚಿನದು, ಅಂದರೆ 0.23 ಮಿ.ಮೀ. ಗುಣಿಸಿದರೆ ಎಂಟು ಮಿಲಿಮೀಟರ್ ಚಿಲ್ಲರೆ, ರಾಡ್ ಆಂಟೆನಾಕ್ಕೆ ಒಪ್ಪುವ ದಪ್ಪ. 12 ಅಡಿಯ ರಾಡ್ ತೋರಿಸಬೇಕಿದ್ದರೆ ಸುಮಾರು ಹತ್ತೂವರೆ ಸೆಂಟಿಮೀಟರ್ ಕತ್ತರಿಸಿ. ಸುರುಳಿಯಾಗಿದ್ದ ತಂತಿಯನ್ನು ನೆಟ್ಟಗೆ ಮಾಡಲು ಗಾಜಿನ ಹಲಗೆಯ ಮೇಲಿಟ್ಟು ಚಮಚದ ಹಿಂಬದಿಯಿಂದ ಒತ್ತಿ ಎಳೆಯಿರಿ, ಬಿಸಿ ತೋರಿಸಬೇಡಿ. ಬುಡಕ್ಕೆ ಸೂಜಿಯಷ್ಟು ತೂತು ಕೊರೆದು ಸೂಪರ್ ಗ್ಲೂ ಒಂದು ಹನಿ ಬಿಟ್ಟರೆ ಮುಗಿಯಿತು. 1954ರಲ್ಲಿ ಹುಟ್ಟಿ ಸೇನೆಗೆ ರೇಡಿಯೊ ಕಟ್ಟುತ್ತ ಬಂದ ಭಾರತ್ ಎಲೆಕ್ಟ್ರಾನಿಕ್ಸ್ (ಬಿ.ಇ.ಎಲ್.) ನಮ್ಮ ಬೆಂಗಳೂರಿನದು. ಆ ಊರಿನಲ್ಲಿ ಕಟ್ಟಿದ ಮಾಡೆಲಿನ ಆಂಟೆನಾ ಕಂಡು ಒಬ್ಬ ರೇಡಿಯೊ ತಂತ್ರಜ್ಞ ತಲೆದೂಗಬೇಕು.

ಒಳಭಾಗದ ಬಗ್ಗೆ ಒಂದೇ ಮಾತು. ಬ್ರಿಟಿಷ್ ಗಾಡಿ ಅಂದಕೂಡಲೇ ಎಲ್ಲರೂ 19ನೇ ನಂಬರಿನ ವೈರ್‌ಲೆಸ್ ಸೆಟ್ ಕೂರಿಸುತ್ತಾರೆ. ಮಾರುಕಟ್ಟೆಯಲ್ಲಿ ಸಿಗುವ ಕೆಲವು ಫೋಟೊ-ಎಚ್ ತಗಡು ಮತ್ತು ಡೆಕಾಲುಗಳಲ್ಲಿ ಅದರ ಮುಖದ ಮೇಲೆ ಇಂಗ್ಲಿಷಿನ ಜೊತೆ ರಷ್ಯನ್ ಅಕ್ಷರಗಳೂ ಇರುತ್ತವೆ. ಅದು ಸೋವಿಯತ್ ದೇಶಕ್ಕೂ ಕಳಿಸಲೆಂದು ಕೆನಡಾದಲ್ಲಿ ಆಮೇಲೆ ತಯಾರಾದ ಸೆಟ್. 1941ರ ಏಪ್ರಿಲ್ಲಿನ ಮೆಕಿಲಿಯಲ್ಲಿ ರಷ್ಯನ್ ಅಕ್ಷರಕ್ಕೆ ಜಾಗವಿಲ್ಲ. ಬಾಗಿಲು ತೆರೆದಿಟ್ಟರೆ ಒಳಗೆ ಕಾಣುವುದು ಅಂಗೈಯಗಲ, ಅಲ್ಲಿ ನಕ್ಷೆಯ ಮೇಜನ್ನು ಚೆನ್ನಾಗಿ ಮಾಡಿ. ನಕ್ಷೆ ಮಾತ್ರ ಲಿಬಿಯಾದ್ದೇ ಇರಲಿ.

ಡಾರ್ಚೆಸ್ಟರ್ ಸಿಗದಿದ್ದರೆ ಬೇರೆಯವೂ ಇವೆ. ರೊಮೆಲ್ 1942ರಲ್ಲಿ ಬಳಸಿದ ‘ಗ್ರೈಫ್’ ಎಂಬ ಹಾಫ್‌ಟ್ರ್ಯಾಕ್ ತಮಿಯಾದ ಹಳೆಯ ಕಿಟ್ಟಿನಲ್ಲೂ ಡ್ರ್ಯಾಗನ್ನಿನ ಹೊಸ ಕಿಟ್ಟಿನಲ್ಲೂ ಸಿಗುತ್ತದೆ. ಅದರ ತಲೆಯ ಮೇಲಿನ ಚೌಕಟ್ಟಿನ ಆಂಟೆನಾವನ್ನು ಹಿತ್ತಾಳೆ ಕಡ್ಡಿಯಲ್ಲಿ ಬೆಸುಗೆ ಹಾಕಿ ಮಾಡಿದರೆ ಬೇರೆ ಏನೂ ಬೇಡ. ಅಮೆರಿಕದ ಎಂ577, ಎಂ113ರ ಮಾಳಿಗೆ ಎತ್ತರಿಸಿ ಮಾಡಿದ ಗಾಡಿ. ಮುಂದೆ ಜನರೇಟರು, ಹಿಂದೆ ಬಿಚ್ಚಿ ಕಟ್ಟುವ ಡೇರೆ. ಎರಡು ಮೂರನ್ನು ಬೆನ್ನಿಗೆ ಬೆನ್ನು ನಿಲ್ಲಿಸಿದರೆ ಒಂದು ಕಚೇರಿಯೇ ಆಗುತ್ತದೆ. ಹೊಸಬರಿಗೆ ಅದೇ ಒಳ್ಳೆಯದು: ದೊಡ್ಡ ಚಪ್ಪಟೆ ಗೋಡೆ, ಸುಲಭ ಬಣ್ಣ. ನಮ್ಮ ಸೇನೆಯ ಇಂದಿನ ಕಮಾಂಡ್ ವಾಹನಗಳನ್ನು ಕಟ್ಟುವ ಆಸೆ ಇರುವವರು ಗಣರಾಜ್ಯೋತ್ಸವದ ಪರೇಡ್‌ನಲ್ಲಿ ಬಂದದ್ದನ್ನಷ್ಟೇ ಆಧಾರ ಮಾಡಿಕೊಳ್ಳಿ. ಕಂಟೋನ್ಮೆಂಟ್ ಗೇಟಿನ ಮುಂದೆ ಮೊಬೈಲು ಎತ್ತಬೇಡಿ.

ಡಾರ್ಚೆಸ್ಟರಿನ ಪಕ್ಕದಲ್ಲಿ ಮನುಷ್ಯರೂ ಬೇಕು. 1/35 ಅಳತೆಯಲ್ಲಿ ಆಳೆತ್ತರ ಸುಮಾರು 48 ಮಿ.ಮೀ. ಭಾರತೀಯ ಸವಾರರ ಬೊಂಬೆ ಸುಲಭವಾಗಿ ಸಿಗುವುದಿಲ್ಲ, ಸಿಕ್ಕರೂ ದುಬಾರಿ. ಮರುಭೂಮಿಯ ಬ್ರಿಟಿಷ್ ಸೈನಿಕರ ಕಿಟ್ ತೆಗೆದುಕೊಳ್ಳಿ, ಅಂಗಿ ಚಡ್ಡಿ ಬಹುತೇಕ ಹೊಂದುತ್ತವೆ. ತಲೆಯ ಮೇಲಿನ ಹೆಲ್ಮೆಟ್ಟನ್ನು ಹುಬ್ಬಿನ ಮೇಲಿನವರೆಗೆ ಉಜ್ಜಿ ತೆಗೆಯಿರಿ. ಪೇಟಕ್ಕೆ ಹಾರ್ಡ್‌ವೇರ್ ಅಂಗಡಿಯ ಎಂ-ಸೀಲ್ ಪುಟ್ಟಿ ಸಾಕು. ಎರಡು ಮುದ್ದೆಯನ್ನು ಸಮ ಬೆರೆಸಿ, ಪೌಡರ್ ಉದುರಿಸಿದ ಗಾಜಿನ ಮೇಲೆ ಹಾಳೆಯಂತೆ ಲಟ್ಟಿಸಿ, ಒಂದು ಮಿಲಿಮೀಟರ್ ಅಗಲದ ಪಟ್ಟಿಗಳಾಗಿ ಕತ್ತರಿಸಿ. ಒಂದು ಪಟ್ಟಿ ಎಡಗಿವಿಯಿಂದ ಹಣೆಯ ಮೇಲೆ ಹಾದು ಬಲಕ್ಕೆ, ಇನ್ನೊಂದು ಬಲದಿಂದ ಎಡಕ್ಕೆ. ಹಣೆಯ ನಡುವೆ ಪದರಗಳು ಒಂದರ ಮೇಲೊಂದು ಏರುತ್ತ ಕೂಡಬೇಕು. ಪ್ರತಿ ಪದರದ ಅಂಚನ್ನು ಒದ್ದೆ ಸೂಜಿಯ ತುದಿಯಿಂದ ಒತ್ತಿ. ಆರೂವರೆ ಮಿಲಿಮೀಟರಿನ ತಲೆಯ ಮೇಲೆ ಸಿಖ್ ಸವಾರನ ಪೇಟ ಕೂರುತ್ತದೆ. ಪುಟ್ಟಿ ಗಟ್ಟಿಯಾಗುವ ಮೊದಲು ಮುಗಿಸಬೇಕಾದ್ದರಿಂದ ಒಂದು ಸಲಕ್ಕೆ ಎರಡು ತಲೆಗಿಂತ ಹೆಚ್ಚು ಹಿಡಿಯಬೇಡಿ.

‘ಇದೊಂದು ಹವ್ಯಾಸ, ಇಷ್ಟೆಲ್ಲ ಯಾಕೆ’ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಪ್ರದರ್ಶನಕ್ಕೆ ಬರುವ ಶಾಲೆಯ ಮಕ್ಕಳಿಗೆ ಮೆಕಿಲಿಯ ಹೆಸರು ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ. ಆಫ್ರಿಕಾದ ಮರಳಿನಲ್ಲಿ ನಮ್ಮವರೂ ಇದ್ದರು ಎಂಬುದನ್ನು ಅವರು ಮೊದಲು ತಿಳಿಯುವುದು ನಿಮ್ಮ ಮೇಜಿನ ಮುಂದೆ ನಿಂತಾಗಲೇ ಇರಬಹುದು. ಅವರು ಚೀಟಿ ಓದುತ್ತಾರೆ, ಪ್ರಶ್ನೆ ಕೇಳುತ್ತಾರೆ, ನೀವು ಹೇಳಿದ್ದನ್ನು ನಂಬಿಕೊಂಡು ಮನೆಗೆ ಹೋಗುತ್ತಾರೆ.

ಹಾಗಾಗಿ ಕೇಳಿಕೊಳ್ಳುತ್ತೇನೆ. ಮುಂದಿನ ಪ್ರದರ್ಶನಕ್ಕೆ ನಿಮ್ಮಲ್ಲಿ ಒಬ್ಬರಾದರೂ ಇನ್ನೂ ಕೈಬದಲಾಗದ ಡಾರ್ಚೆಸ್ಟರನ್ನು, ಅದರ ಸುತ್ತ ಭಾರತೀಯ ಸವಾರರನ್ನು ಕಟ್ಟಿ ತನ್ನಿ. ಈಗಾಗಲೇ ಮ್ಯಾಮತ್ ಕಟ್ಟಿರುವವರು ಅದನ್ನು ಒಡೆಯಬೇಕಿಲ್ಲ, ಹಳೆಯ ಚೀಟಿ ತೆಗೆದು ಹೊಸದೊಂದು ಇಡಿ. ಅದರಲ್ಲಿ ಕನ್ನಡದಲ್ಲೇ ಬರೆಯಿರಿ: ‘ಎ.ಇ.ಸಿ. ಡಾರ್ಚೆಸ್ಟರ್. 1941ರ ಏಪ್ರಿಲ್ 8, ಮೆಕಿಲಿ, ಲಿಬಿಯಾ. 2ನೇ ಆರ್ಮರ್ಡ್ ಡಿವಿಷನ್ ಮತ್ತು 3ನೇ ಇಂಡಿಯನ್ ಮೋಟಾರ್ ಬ್ರಿಗೇಡ್ ಇಲ್ಲಿ ಹೋರಾಡಿದವು.’ ರೊಮೆಲ್‌ನ ಹೆಸರು ಅದರ ಕೆಳಗಿನ ಸಾಲಿನಲ್ಲಿರಲಿ.

ಇಂತಿ,
ನಿಮ್ಮಂತೆಯೇ ಮಾಡೆಲ್ ಕಟ್ಟುವ ಒಬ್ಬ ಗೆಳೆಯ